ಎಡಗಾಲು, ಒಂದು

ರಸೀದಿಯಲ್ಲಿ ಹೀಗಿದೆ:
ಉಂಗುರ, ಒಂದು. ಬೆಲ್ಟು, ಒಂದು.
ಎಡಗಾಲು, ಒಂದು. ಬೂದು ಬಣ್ಣ. ಲೋಹ ಉಂಟು.
ಕೆಳಗೆ ವರ್ನನ್ ಟಬ್ಬಿಯ ರುಜು.
ನಿಂತು ಹಾಕಿದ್ದಲ್ಲ ಎಂದು
ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ನಾನು ಈ ಜೈಲಿನ ಕಾನೂನು ಪುಸ್ತಕಗಳ ಕೋಣೆಯ ಗುಮಾಸ್ತ.
ಕೈದಿಯೇ. ಹನ್ನೊಂದು ವರ್ಷದಿಂದ
ಕಂಡವರ ನೋವನ್ನು ಚೌಕದೊಳಗೆ ಹಿಡಿಸುವ ಕೆಲಸ.
ಚೌಕಕ್ಕೆ ನಾಲ್ಕು ಗೆರೆ.
ಐದನೆಯದು ಬರೆದರೆ ಅರ್ಜಿ ವಾಪಸು.

ಅವನು ಮೊದಲ ಸಲ ಬಂದಾಗ
ಗಾಲಿಕುರ್ಚಿಯ ಒಂದು ಚಕ್ರ ಕಿರುಗುಡುತ್ತಿತ್ತು,
ಅವನಿಗೆ ಕೇಳಿಸುತ್ತಿರಲಿಲ್ಲ.
ರಮಾದಿಯ ರಸ್ತೆಯಲ್ಲಿ ಕಾಲು ಹೋದ ದಿನವೇ
ಬಲಗಿವಿಯೂ ಹೋಯಿತಂತೆ.
"ಒಂದಕ್ಕೊಂದು ಜೊತೆಯಿರಲಿ ಅಂತ,"
ಅಂದು ನಕ್ಕ. ನಾನು ನಗಲಿಲ್ಲ,
ತಾರೀಖು ಕೇಳಿದೆ.

ಅವನು ಮಾಡಿದ್ದನ್ನು ಮುಚ್ಚಿಡುವುದಿಲ್ಲ.
ಕುಡಿದು ಟ್ರಕ್ಕು ಓಡಿಸಿದ. ಅಟೋಕಾದ ಅಡ್ಡರಸ್ತೆಯಲ್ಲಿ
ಹತ್ತೊಂಬತ್ತರ ಹುಡುಗಿ ಸತ್ತಳು.
ಅವಳ ಹೆಸರನ್ನು ಅವನು ದಿನಾ ಹೇಳುತ್ತಾನೆ,
ನಾನಿಲ್ಲಿ ಬರೆಯುವುದಿಲ್ಲ.
ಅದಕ್ಕೆ ನ್ಯಾಯಾಧೀಶರು ಹದಿನಾಲ್ಕು ವರ್ಷ ಕೊಟ್ಟರು.
ತೀರ್ಪನ್ನು ಎರಡು ಸಲ ಓದಿದ್ದೇನೆ.
ಅದರಲ್ಲಿ ಕಾಲಿನ ಮಾತಿಲ್ಲ.

ನಸುಕಿನ ನಾಲ್ಕಕ್ಕೆ ಎಣಿಕೆಯ ಸೀಟಿ.
ಕೇಳದವನು ಏಳಲಿಲ್ಲ, ಕಾಲಿಲ್ಲದವನು ನಿಲ್ಲಲಿಲ್ಲ.
'ಆಜ್ಞೆ ಪಾಲಿಸಲು ನಿರಾಕರಣೆ' ಎಂದು ಬರೆದುಕೊಂಡರು.
ಮೂವತ್ತು ದಿನ ಫೋನು ಬಂದ್.
ಅವನ ಅಕ್ಕ ಲವೀಟಾ ನಾಲ್ಕು ಭಾನುವಾರ
ಅಡುಗೆಮನೆಯ ಸ್ಟೂಲು ಬಿಟ್ಟೇಳಲಿಲ್ಲವಂತೆ.

ಕಾನೂನಿನ ಕೈ ಉದ್ದ ಎನ್ನುತ್ತಾರೆ.
ಅದರ ಕಾಲಿನ ಸುದ್ದಿ ಯಾರೂ ಎತ್ತುವುದಿಲ್ಲ.

ಬರೆದೆ: ಅಂಗವಿಕಲರ ಹಕ್ಕಿನ ಕಾಯಿದೆ, ಎರಡನೇ ಭಾಗ.
ಬರೆದೆ: ಎಂಟನೇ ತಿದ್ದುಪಡಿ;
ಕ್ರೂರವೂ ಅಸಾಮಾನ್ಯವೂ ಆದ ಶಿಕ್ಷೆ ಕೂಡದು.
'ಅಸಾಮಾನ್ಯ'ದ ಹತ್ತಿರ ಪೆನ್ನು ನಿಂತಿತು.
ಇಲ್ಲಿ ಇದು ಸಾಮಾನ್ಯವೇ.

ಮೊದಲ ಅರ್ಜಿ: ನೀಲಿ ಶಾಯಿ, ತಿರಸ್ಕೃತ.
ಎರಡನೆಯದು ಹದಿನಾರನೇ ದಿನ ತಲುಪಿತು,
ಗಡುವು ಹದಿನೈದು.
ಮೂರನೆಯದಕ್ಕೆ ಉತ್ತರವೇ ಬಂತು:
ಒಳಗಿನ ಲೋಹದ ಕೊಳವೆ ಆಯುಧವಾಗಬಹುದು.
ವರ್ನನ್ ಅದನ್ನು ಎಡಗಿವಿಯಲ್ಲಿ ಓದಿಸಿಕೊಂಡ.
"ಎರಡನ್ನೂ ಸರ್ಕಾರವೇ ಕೊಟ್ಟಿದ್ದು," ಅಂದ.
"ಮೊದಲು ಆಯುಧ. ಆಮೇಲೆ ಕಾಲು."

ರಾತ್ರಿ ಇಲ್ಲದ ಹೆಬ್ಬೆರಳು ತುರಿಸುತ್ತದೆ.
ಹೇಳಿಕೊಳ್ಳಲು ನಾಲ್ಕು ಡಾಲರ್ ಶುಲ್ಕ.
ನರ್ಸ್ ಹಾಲ್ಕೊಂಬ್ ಕೆಟ್ಟವಳಲ್ಲ,
ಅವಳ ಸರದಿಯಲ್ಲಿ ಆರುನೂರು ಜನ.
"ಇಲ್ಲದ್ದಕ್ಕೆ ಮಾತ್ರೆ ಬರೆಯುವುದು ಹೇಗಪ್ಪ?"
ಇದೆಯಲ್ಲ ಮೇಡಂ, ಅಂದನಂತೆ ಇವನು.
ಎರಡು ಗೋಡೆಯಾಚೆ, ಮೂರನೇ ಕಪಾಟಿನಲ್ಲಿ.
ತುರಿಸುವುದು ಅಲ್ಲೇ.

ಇನ್ನೂರ ಹನ್ನೊಂದನೇ ದಿನ
ಪ್ಲಾಸ್ಟಿಕ್ ಚೀಲದಲ್ಲಿ ಕಾಲು ಬಂತು.
ಅಷ್ಟರಲ್ಲಿ ಮೊಂಡು ಸೊರಗಿತ್ತು,
ಬಟ್ಟಲು ಗಳಗಳ ಅಲ್ಲಾಡಿತು.
ಕಾಲುಚೀಲ ಒಂದು ಸುತ್ತಿದ. ಎರಡು. ಮೂರು.
ಆಮೇಲೆ ಎದ್ದ.

ಏಳು ತಿಂಗಳು ನಾನು ನೋಡಿದ್ದು ಅವನ ನೆತ್ತಿಯನ್ನು.
ಅವನು ನನಗಿಂತ ಎತ್ತರ.
ಗೊತ್ತೇ ಇರಲಿಲ್ಲ.
ಕಿಟಕಿಯವರೆಗೆ ನಾಲ್ಕು ಹೆಜ್ಜೆ.
ಹೊರಗೆ ಒಕ್ಲಹೋಮಾದ ಕೆಂಪು ಧೂಳು
ಬೇಲಿಯನ್ನು ಕೇಳದೆ ದಾಟುತ್ತಿತ್ತು.

ಸಂಜೆ ತಪಾಸಣೆ. ಹೊಸ ರಸೀದಿ:
ಕಾಲುಚೀಲ, ಮಿತಿ ಮೀರಿದ್ದು, ಮೂರು.

ಕಪ್ಪು ಶಾಯಿ ತೆಗೆದೆ. ನಾಲ್ಕು ಗೆರೆ.
ಇವತ್ತಿನದೇ ತಾರೀಖು ಹಾಕಿದೆ.
ಕುರ್ಚಿ ಮುಂದೆ ತಳ್ಳಿದರೆ ಬೇಡವೆಂದ;
ಮೇಜು ಹಿಡಿದು, ಹಲ್ಲು ಕಚ್ಚಿ,
ನಿಂತೇ ರುಜು ಹಾಕಿದ.